ಫೋನು ಹದಿನಾಲ್ಕು ಸಲ ತಪ್ಪು ಅಂದ ಸಂಜೆ

ಹೆಗ್ಗನಹಳ್ಳಿಯ ಆ ವಠಾರದಲ್ಲಿ ಆರು ಮನೆ. ಒಂದು ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆರು ಮನೆಯವರೂ ಸೀನುತ್ತಾರೆ. ಒಂದು ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟರೆ, ಇದೇನು ಇವತ್ತು ಸದ್ದೇ ಇಲ್ಲವಲ್ಲ ಎಂದು ಉಳಿದ ಐದು ಮನೆಯವರು ಕಿವಿ ನಿಮಿರಿಸುತ್ತಾರೆ. ಅಂಥ ಕಡೆ ಮಕ್ಕಳ ಓದು ಕೂಡ ಗುಟ್ಟಾಗಿ ನಡೆಯುವುದಿಲ್ಲ.

ಪಾರವ್ವನದು ಮೂರನೇ ಮನೆ. ಕೊಪ್ಪಳದ ಕಡೆಯಿಂದ ಬಂದು ಎಂಟು ವರ್ಷವಾಗಿದೆ. ಗಂಡ ಕೊಟ್ರಪ್ಪ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಪಾರವ್ವ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ಹೊಲಿದ ಅಂಗಿ ಅವಳ ಮೇಜಿಗೆ ಬರುತ್ತದೆ. ಕಾಲರು ವಾರೆಯಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಅವಳು ವಾಪಸ್ ಕಳಿಸುತ್ತಾಳೆ. ವಾಪಸ್ ಹೋದ ಪೀಸಿಗೆ ಅಲ್ಲಿ ಆಲ್ಟ್ರೇಷನ್ ಅನ್ನುತ್ತಾರೆ. ಯಾವ ಟೈಲರಿಗೆ ಆಲ್ಟ್ರೇಷನ್ ಜಾಸ್ತಿಯೋ ಅವಳಿಗೆ ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಎರಡು ದಿನ ನೋಡುತ್ತಾನೆ, ಮೂರನೇ ದಿನ ಮಿಷನ್ನಿನಿಂದ ಎಬ್ಬಿಸುತ್ತಾನೆ. ವಾಪಸ್ ಬಂತು ಅಂದರೆ ಕೈ ಸರಿಯಿಲ್ಲ, ಅಷ್ಟೇ. ಎಂಟು ವರ್ಷ ದಿನವೂ ಇದನ್ನೇ ಕಂಡವಳು ಪಾರವ್ವ. ಅವಳು ಮಾಡಿದ ತಪ್ಪು ಹುಟ್ಟಿದ್ದೂ ಇಲ್ಲಿಂದಲೇ. ಹಾಗಾಗಿ ಅವಳನ್ನು ಬೈಯುವ ಮೊದಲು ಸ್ವಲ್ಪ ತಾಳಿ.

ಮಗಳು ಶಿಲ್ಪಾ ಒಬ್ಬಳೇ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಂಬತ್ತಾರು ಪರ್ಸೆಂಟ್ ಬಂದಾಗ ಕೊಟ್ರಪ್ಪ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೋಗಿ ಬರುವ ಕಾರುಗಳನ್ನೆಲ್ಲ ನಿಲ್ಲಿಸಿ ಪೇಡೆ ಕೊಟ್ಟಿದ್ದ. ಹುಡುಗಿ ಪಾಲಿಟೆಕ್ನಿಕ್ ಸೇರಿದಳು, ಎಲೆಕ್ಟ್ರಿಕಲ್ ಡಿಪ್ಲೊಮಾ. ಸೇರಿದ ಹದಿನೈದು ದಿನಕ್ಕೆ ಮುಖ ಸಣ್ಣದಾಯಿತು.

“ಯಾಕಬೇ, ಊಟ ಸೇರವಲ್ದೇನು?” ಎಂದು ಪಾರವ್ವ ಕೇಳಿದಳು.

“ಎಲ್ಲಾ ಇಂಗ್ಲೀಷಿನ್ಯಾಗ ಹೇಳ್ತಾರವ್ವಾ. ಮೇಡಂ ಚಲೋ ಹೇಳ್ತಾರ, ಖರೆ ನಾ ಒಂದು ಮಾತು ಹಿಡಿಯೂದ್ರಾಗ ಅವರು ನಾಕು ಮಾತು ಮುಂದ ಹೋಗಿರ್ತಾರ. ಕೈ ಎತ್ತಿ ಕೇಳಬೇಕಂದ್ರ ಹಿಂದ ಕುಂತವರು ನಗ್ತಾರ.”

ಆ ಮೇಡಂ ಹೆಸರು ರಾಗಿಣಿ. ಕ್ಲಾಸಿನಲ್ಲಿ ಶಿಲ್ಪಾಳಂಥವರು ಹತ್ತಾರು ಮಂದಿ ಇದ್ದಾರೆಂದು ಆಕೆಗೂ ತಿಳಿದಿತ್ತು. ಅದಕ್ಕೇ ತಾನು ಕ್ಲಾಸಿನಲ್ಲಿ ಹೇಳುವ ಪಾಠವನ್ನೆಲ್ಲ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡಾಗಿ ಮಾಡಿದ್ದರು. ಒಂದೊಂದೂ ಹತ್ತು ನಿಮಿಷ. ಪರದೆಯ ಮೇಲೆ ಚಿತ್ರ ಓಡುತ್ತದೆ, ಕರೆಂಟು ಹೋಗುವ ದಾರಿ ಕೆಂಪಗೆ ಕಾಣುತ್ತದೆ, ಮೇಡಂ ದನಿ ಕನ್ನಡದಲ್ಲಿ ವಿವರಿಸುತ್ತದೆ. ಇಂಗ್ಲೀಷ್ ಪದ ಬಂದಾಗ ಅದರ ಅರ್ಥವನ್ನೂ ಹೇಳುತ್ತದೆ. ಕೊನೆಯಲ್ಲಿ ಐದು ಪ್ರಶ್ನೆ. ಉತ್ತರ ತಪ್ಪಾದರೆ ಫೋನು “ತಪ್ಪು, ಹಿಂದಕ್ಕೆ ಹೋಗಿ ನೋಡಿ” ಅನ್ನುತ್ತದೆ, ಪಾಠದ ಅದೇ ಜಾಗಕ್ಕೆ ಕರೆದೊಯ್ಯುತ್ತದೆ. ಎಷ್ಟು ಸಲ ಬೇಕಾದರೂ ಹೋಗಬಹುದು. ಹಿಂದೆ ಕೂತು ನಗುವವರು ಅಲ್ಲಿ ಯಾರೂ ಇಲ್ಲ.

ಮನೆಯಲ್ಲಿದ್ದುದು ಒಂದೇ ಫೋನು, ಪಾರವ್ವನದು. ಸಂಜೆ ಆರೂವರೆಗೆ ಅವಳು ಕೆಲಸದಿಂದ ಬಂದ ಕೂಡಲೇ ಶಿಲ್ಪಾ ಅದನ್ನು ಇಸಿದುಕೊಂಡು ಬಾಗಿಲ ಪಕ್ಕ ಕೂರುತ್ತಿದ್ದಳು. ಕಿವಿಗೆ ಹಾಕಿಕೊಳ್ಳುವ ವೈರು ಇರಲಿಲ್ಲ. ಹಾಗಾಗಿ ಪಾಠ ಆರು ಮನೆಗೂ ಕೇಳುತ್ತಿತ್ತು. “ತಪ್ಪು” ಅನ್ನುವುದೂ ಕೇಳುತ್ತಿತ್ತು.

ಒಂದು ಸಂಜೆ ನಲ್ಲಿಯ ಹತ್ತಿರ ಎದುರು ಮನೆಯ ಶುಭಾ ನಕ್ಕಳು. ಶುಭಾ ಕೆಟ್ಟವಳಲ್ಲ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

“ಏನ್ರೀ ಪಾರವ್ವ, ನಿಮ್ಮನೇಲಿ ಮಗಳನ್ನ ಬೈಯೋ ಕೆಲಸಾನ ಫೋನಿಗೆ ವಹಿಸಿಬಿಟ್ರಾ? ಆಗ್ಲಿಂದ ತಪ್ಪು ತಪ್ಪು ಅಂತಾನೇ ಇದೆ. ಪಾಪ, ಹುಡುಗಿ ತಲೆಗೆ ಹೋಗ್ತಿಲ್ಲ ಅನ್ಸುತ್ತೆ ಕಣ್ರೀ.”

ಪಾರವ್ವ ಕೊಡ ಹೊತ್ತು ಒಳಗೆ ಬಂದಳು. ನಲ್ಲಿಯ ಹತ್ತಿರವೇ ಐದು ಸಲ ಕೇಳಿದ್ದಳು, ರೊಟ್ಟಿ ಬಡಿಯುತ್ತ ಅಲ್ಲಿಂದ ಮುಂದಕ್ಕೆ ಎಣಿಸತೊಡಗಿದಳು. ತಪ್ಪು, ಹಿಂದಕ್ಕೆ ಹೋಗಿ ನೋಡಿ. ತಪ್ಪು, ಹಿಂದಕ್ಕೆ ಹೋಗಿ ನೋಡಿ. ಆರು, ಏಳು, ಎಂಟು. ಹನ್ನೊಂದು, ಹನ್ನೆರಡು. ಹೊರಗೆ ಯಾರೋ ಕಿಸಕ್ಕೆಂದರು. ಹದಿನಾಲ್ಕನೇ ಸಲ ಅಂದಾಗ ಅವಳು ಹಿಟ್ಟಿನ ಕೈಯಲ್ಲೇ ಎದ್ದುಬಂದು ಫೋನು ಕಿತ್ತುಕೊಂಡಳು. ಶಿಲ್ಪಾಳ ಬೆರಳು ಇನ್ನೂ ಪರದೆಯ ಮೇಲಿತ್ತು. ಫೋನು ಮತ್ತೇನೋ ಅಂದಿತು, ಆದರೆ ಪಾರವ್ವನ ಕೂಗಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

“ಸಾಕು ಬಿಡು! ಊರ ಮಂದಿ ಮುಂದ ಎಷ್ಟಂತ ಬೈಸ್ಕೋತಿ?”

“ಅವ್ವಾ, ಅದು ಬೈಯಾಕತ್ತಿಲ್ಲ. ಹಿಂದಕ ಹೋಗಿ ನೋಡು ಅಂತೈತಿ ಅಷ್ಟ.”

“ಹಿಂದಕ ಕಳಿಸೂದು ಅಂದ್ರ ಏನು ಅಂತ ನನಗ ಹೇಳ್ತಿಯೇನ? ದಿನಾ ಕಳಸಾಕಿ ನಾನು. ತಲಿಗೆ ಹತ್ತೂದಿಲ್ಲ ಅಂದ ಮ್ಯಾಲ ಬಿಟ್ಟು ಬಿಡಬೇಕು. ನಿನ್ನ ತಲಿಗೆ ಇದು ಹತ್ತಂಗಿಲ್ಲ ಮಗಳ.”

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಮಗಳಿಗೆ ಅವಮಾನವಾಗುವುದನ್ನು ನೋಡಲಾರದೆ ಆಡಿದ್ದು. ಆದರೆ ಕೇಳಿಸಿಕೊಂಡವಳಿಗೆ ಆ ವ್ಯತ್ಯಾಸ ಎಲ್ಲಿ ತಿಳಿಯಬೇಕು? ಶಿಲ್ಪಾ ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಪಾರವ್ವ ಶುಭಾಳ ಕೈಗೆ ಫೋನು ಕೊಟ್ಟು ಪಾಠಗಳನ್ನೆಲ್ಲ ತೆಗೆಸಿದಳು. ಕಾಲೇಜಿನ ಗ್ರೂಪಿನಿಂದಲೂ ಆಚೆ ಬಂದದ್ದಾಯಿತು. “ಸುಮ್ನೆ ಟಣ್ ಟಣ್ ಅಂತಿರುತ್ತೆ, ಬಿಡಿ” ಅಂದಳು ಶುಭಾ. ಶಿಲ್ಪಾ ಎರಡು ವಾರ ಆ ಪಾಠಗಳಿಲ್ಲದೆ ಕಾಲೇಜಿಗೆ ಹೋದಳು. ಕ್ಲಾಸಿನಲ್ಲಿ ತಿಳಿಯದ್ದು ಮನೆಯಲ್ಲೂ ತಿಳಿಯದೆ ಉಳಿಯಿತು. ಮೂರನೇ ವಾರದ ಸೋಮವಾರ ಅವಳು ಬ್ಯಾಗು ಎತ್ತಿಕೊಳ್ಳಲೇ ಇಲ್ಲ.

“ನನ್ನ ಜೋಡಿ ಬಾ” ಎಂದಳು ಪಾರವ್ವ. ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಬೇಕಾಗಿದ್ದರು. ಹೊಲಿದ ಅಂಗಿಯಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸ. ಶಿಲ್ಪಾ ತಲೆ ಎತ್ತದೆ ಕತ್ತರಿಸುತ್ತಿದ್ದಳು. ಊಟಕ್ಕೆ ಬಾ ಅಂದರೆ ಹೂಂ. ಮನೆಗೆ ಹೋಗೋಣ ಅಂದರೆ ಹೂಂ. ಹುಡುಗಿ ಹೊಂದಿಕೊಂಡಳು ಎಂದು ಪಾರವ್ವ ತನಗೆ ತಾನೇ ಹೇಳಿಕೊಂಡಳು. ಕೊಟ್ರಪ್ಪ ಮಾತ್ರ ಗೇಟಿನಲ್ಲಿ ಯಾರಾದರೂ “ಮಗಳು ಹೇಗೆ ಓದ್ತಿದಾಳೆ?” ಅಂದರೆ ರಿಜಿಸ್ಟರಿನಲ್ಲಿ ಮುಖ ಹುದುಗಿಸುತ್ತಿದ್ದ.

ಹೀಗೆ ಎರಡೂವರೆ ತಿಂಗಳು ಕಳೆಯಿತು. ಒಂದು ಭಾನುವಾರ ಹನ್ನೊಂದು ಗಂಟೆಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಹೆಂಗಸೊಬ್ಬರು ವಠಾರದ ಬಾಗಿಲಲ್ಲಿ ನಿಂತು, “ಶಿಲ್ಪಾ ಮನೆ ಯಾವುದು?” ಎಂದು ಕೇಳಿದರು. ರಾಗಿಣಿ ಮೇಡಂ. ಅತ್ತಿಗುಪ್ಪೆಯಿಂದ ಎರಡು ಬಸ್ಸು ಹತ್ತಿಳಿದು, ಕಾಲೇಜಿನ ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ಹುಡುಕಿಕೊಂಡು ಬಂದಿದ್ದರು.

“ಎಷ್ಟು ಸಲ ಫೋನ್ ಮಾಡಿದೆ ಅಮ್ಮ, ಯಾರೂ ಎತ್ತಲ್ಲ.”

“ಕೆಲಸದ ಜಾಗಾದಾಗ ಫೋನು ಒಳಗ ಬಿಡಂಗಿಲ್ರಿ ಮೇಡಮ್ಮಾರ, ಹೊರಗ ಇಟ್ಟು ಹೋಗಬೇಕು. ಗುರುತಿಲ್ಲದ ನಂಬರಂತ ನಾ ತಿರುಗಿ ಮಾಡಲಿಲ್ಲ.”

“ಗ್ರೂಪಲ್ಲೂ ಹಾಕಿದ್ದೆ. ಹಾಜರಿ ಕಮ್ಮಿ ಆಗ್ತಿದೆ, ಬಾ ಅಂತ. ಶಿಲ್ಪಾ ಅಲ್ಲಿಂದಾನೂ ಹೊರಗೆ ಹೋಗಿದ್ಲು. ಯಾಕೆ ಬಿಟ್ಟಳು ಅಂತ ನನಗೆ ತಿಳೀಲೇ ಇಲ್ಲ. ಅಷ್ಟು ಚೆನ್ನಾಗಿ ಕಲೀತಿದ್ದ ಹುಡುಗಿ.”

ಪಾರವ್ವ ತಬ್ಬಿಬ್ಬಾದಳು. “ಚಲೋ ಕಲೀತಿದ್ಲಾ? ಆಕಿಗೆ ಏನೂ ಬರತಿದ್ದಿಲ್ರಿ. ಹದಿನಾಕು ಸಲ ತಪ್ಪು ಅಂದೈತಿ ಒಂದು ಸಂಜಿ. ನಾನ ಎಣಿಸೀನಿ.”

ರಾಗಿಣಿ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲೆ ಇಟ್ಟರು. ಯಾವ ವಿದ್ಯಾರ್ಥಿ ಯಾವ ಪಾಠ ಎಷ್ಟು ಸಲ ನೋಡಿದರು, ಯಾವ ಪ್ರಶ್ನೆಗೆ ಎಲ್ಲಿ ಎಡವಿದರು, ಎಲ್ಲ ಅದರಲ್ಲಿ ದಾಖಲಾಗಿತ್ತು.

“ಇಲ್ನೋಡಿ ಅಮ್ಮ. ಇದು ಮೊದಲನೇ ಪಾಠ. ಮೂವತ್ತೊಂದು ಸಲ ತಪ್ಪು ಮಾಡಿ ಕೊನೆಗೆ ಎಲ್ಲಾ ಸರಿ ಮಾಡಿದಾಳೆ. ಎರಡನೇದು ಇಪ್ಪತ್ತು. ಐದನೇದಕ್ಕೆ ಬರೋ ಹೊತ್ತಿಗೆ ಬರೀ ನಾಲ್ಕು. ಆರನೇದು ಈ ವರ್ಷದ ಪಾಠದಲ್ಲೇ ಕಷ್ಟದ್ದು. ನೀವು ಹೇಳ್ತಿರೋ ಸಂಜೆ ಇದೇ. ಹದಿನಾಲ್ಕು ತಪ್ಪು, ನಿಜ. ಹದಿನೈದನೇ ಸಲ ನೋಡಿ.”

ಆ ಸಾಲಿನ ಕೊನೆಯಲ್ಲಿ ಹಸಿರು ಗುರುತು ಇತ್ತು. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿತ್ತು: ಸರಿ.

“ಇಡೀ ಕ್ಲಾಸಲ್ಲಿ ಆ ಪಾಠ ಪೂರ್ತಿ ಮುಗಿಸಿದವರು ಮೂರೇ ಜನ. ಅದರಲ್ಲಿ ಇವಳೊಬ್ಬಳು. ತಪ್ಪು ಅನ್ನೋದು ಬೈಗುಳ ಅಲ್ಲ ಅಮ್ಮ. ಎಲ್ಲಿ ತಿಳಿದಿಲ್ಲ ಅಂತ ತೋರಿಸೋದು, ಅಷ್ಟೇ. ಕ್ಲಾಸಲ್ಲಿ ಅರವತ್ತು ಜನ ಇರ್ತಾರೆ, ಒಬ್ಬೊಬ್ಬರಿಗೂ ಹದಿನೈದು ಸಲ ಹೇಳೋಕೆ ನನಗೆ ಟೈಮಿಲ್ಲ. ಕಂಪ್ಯೂಟರಿಗೆ ಟೈಮಿದೆ. ಅದಕ್ಕೆ ಬೇಜಾರೂ ಆಗಲ್ಲ.”

ಬಾಗಿಲಲ್ಲಿ ನಿಂತಿದ್ದ ಕೊಟ್ರಪ್ಪ ಕೇಳಿದ. “ಹಂಗಾದ್ರ ಕಂಪ್ಯೂಟರ ಎಲ್ಲಾ ಹೇಳಿಕೊಟ್ರ ಕಾಲೇಜ್ ಯಾಕ ಬೇಕ್ರಿ ಮೇಡಮ್ಮಾರ?”

“ಬೇಕು ಅಣ್ಣ. ಅದು ನನ್ನ ಬದಲಿಗಲ್ಲ. ಮನೇಲಿ ನೋಡಿ, ನಿಲ್ಲಿಸಿ, ತನ್ನ ಮಾತಲ್ಲಿ ಬರ್ಕೊಂಡು, ಆದ್ರೂ ತಿಳೀದೆ ಉಳಿದಿದ್ದನ್ನ ನನ್ನ ಹತ್ರ ತರಬೇಕು. ಆಗ ನಾನು ಅದಷ್ಟನ್ನೇ ಹೇಳ್ತೀನಿ. ಶಿಲ್ಪಾ ಹಾಗೇ ಮಾಡ್ತಿದ್ಲು. ಚೀಟಿ ಬರ್ಕೊಂಡು ಬಂದು ಸ್ಟಾಫ್ ರೂಮ್ ಮುಂದೆ ನಿಲ್ತಿದ್ಲು.” ರಾಗಿಣಿ ದನಿ ತಗ್ಗಿಸಿದರು. “ನನ್ನ ತಪ್ಪೂ ಇದೆ. ಎಲ್ಲರ ಹತ್ರ ಇಯರ್‌ಫೋನ್ ಇರುತ್ತೆ ಅಂದ್ಕೊಂಡು ಅದಕ್ಕೆ ಜೋರು ದನಿ ಕೊಟ್ಟುಬಿಟ್ಟೆ. ಮನೆಯವರನ್ನ ಒಂದ್ಸಲ ಕರೆಸಿ, ಇದು ಹೀಗೆ ಅಂತ ಹೇಳಬೇಕಿತ್ತು. ಹೇಳಲಿಲ್ಲ.”

“ನಾಳೇನ ಕಳಸ್ತೀನ್ರಿ” ಎಂದು ಪಾರವ್ವ ಎದ್ದೇಬಿಟ್ಟಳು. “ನಾಳೆ ಮುಂಜಾನೇನ ಕಳಸ್ತೀನಿ.”

ರಾಗಿಣಿ ತಲೆ ಅಲ್ಲಾಡಿಸಿದರು. ಹಾಜರಿ ಸಾಲದು. ಈ ಸಲದ ಪರೀಕ್ಷೆಗೆ ಅರ್ಜಿ ಹಾಕುವ ದಿನವೂ ಮುಗಿದುಹೋಗಿತ್ತು. ಮುಂದಿನ ವರ್ಷ ಮತ್ತೆ ಅದೇ ಕ್ಲಾಸಿಗೆ, ಕಿರಿಯರ ಜೊತೆ ಸೇರಬೇಕು. ಬೇರೆ ದಾರಿ ಇಲ್ಲ.

ಮೇಡಂ ಶಿಲ್ಪಾಳ ಕಡೆ ತಿರುಗಿದರು. ಅವಳು ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. “ಬರ್ತೀಯಾ ಪುಟ್ಟಾ?”

“ನನ್ನ ತಲಿಗೆ ಹತ್ತಂಗಿಲ್ರಿ ಮೇಡಂ” ಎಂದಳು ಶಿಲ್ಪಾ, ನೆಲ ನೋಡುತ್ತ. “ಅವ್ವಗ ಗೊತ್ತೈತಿ.”

ಪಾರವ್ವ ತನ್ನದೇ ಮಾತನ್ನು ಮಗಳ ಬಾಯಲ್ಲಿ ಕೇಳಿದಳು. ಪಾಠ ತೆಗೆಸಿದ್ದೆ, ಗ್ರೂಪು ಬಿಡಿಸಿದ್ದೆ, ಅವೆಲ್ಲ ಮತ್ತೆ ಹಾಕಿಸಬಹುದು. ಈ ಮಾತನ್ನು ಹೇಗೆ ತೆಗೆಯಲಿ ಎಂದುಕೊಂಡಳು. ಅವಳು ಸೆರಗು ಬಾಯಿಗೊತ್ತಿ ಅತ್ತಳು. ಮೇಡಂ ಮುಂದೆ, ಗಂಡನ ಮುಂದೆ, ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಶುಭಾಳ ಮುಂದೆ ಅತ್ತಳು.

ಹೊರಡುವ ಮೊದಲು ರಾಗಿಣಿ ಪಾಠಗಳನ್ನೆಲ್ಲ ಪಾರವ್ವನ ಫೋನಿಗೆ ಮತ್ತೆ ಹಾಕಿಕೊಟ್ಟರು. ನೆಟ್ ಇಲ್ಲದಿದ್ದರೂ ಓಡುವ ಹಾಗೆ ಇಳಿಸಿದರು. ಎಲ್ಲಿ ಒತ್ತಿದರೆ ನಿಲ್ಲುತ್ತದೆ, ಎಲ್ಲಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ, ದನಿ ಹೇಗೆ ಕಮ್ಮಿ ಮಾಡುವುದು, ಎಲ್ಲವನ್ನೂ ತೋರಿಸಿದರು. “ಅವಳು ಮುಟ್ಟದಿದ್ರೆ ಒತ್ತಾಯ ಮಾಡಬೇಡಿ” ಅಂದರು.

ಶಿಲ್ಪಾ ಮುಟ್ಟಲಿಲ್ಲ. ವಾರಗಟ್ಟಲೆ ಮುಟ್ಟಲಿಲ್ಲ.

ಆಗ ಪಾರವ್ವ ಒಂದು ಕೆಲಸ ಮಾಡಿದಳು. ಭಾನುವಾರ ಮಧ್ಯಾಹ್ನ ವಠಾರದ ಹೆಂಗಸರೆಲ್ಲ ಅಂಗಳದಲ್ಲಿ ಅಕ್ಕಿ ಆರಿಸುತ್ತ, ಹೇನು ನೋಡುತ್ತ ಕೂತಿದ್ದಾಗ ತಾನೂ ಹೊರಗೆ ಚಾಪೆ ಹಾಸಿಕೊಂಡು, ದನಿ ಪೂರ್ತಿ ಜೋರು ಮಾಡಿ ಮೊದಲನೇ ಪಾಠ ಹಚ್ಚಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪರದೆಯ ಮೇಲೆ ಎರಡು ಬಲ್ಬು, ಒಂದೇ ವೈರಿನಲ್ಲಿ ಒಂದರ ಹಿಂದೆ ಒಂದು. ಪ್ರಶ್ನೆ ಬಂತು: ಇದರಲ್ಲಿ ಒಂದು ಬಲ್ಬು ಕೆಟ್ಟರೆ ಇನ್ನೊಂದು ಉರಿಯುತ್ತದೆಯೇ?

ಉರಿಯುತ್ತದೆ ಎಂದು ಒತ್ತಿದಳು. ಮನೆಯಲ್ಲಿ ಬಚ್ಚಲ ಬಲ್ಬು ಹೋದರೆ ಅಡುಗೆ ಕಟ್ಟೆಯದು ಉರಿಯುವುದಿಲ್ಲವೇ?

“ತಪ್ಪು, ಹಿಂದಕ್ಕೆ ಹೋಗಿ ನೋಡಿ” ಅಂದಿತು ಫೋನು.

ಶುಭಾ ಕಿಸಕ್ಕೆಂದಳು. “ಇದೇನ್ರೀ ಪಾರವ್ವ, ಈ ವಯಸ್ಸಲ್ಲಿ ನಿಮಗೂ ಬೈಗುಳ ಬೇಕಿತ್ತಾ?”

“ನಗ್ರಿ ಅಕ್ಕಾರ, ನಗ್ರಿ. ನನಗಿನ್ನೂ ತಿಳಿದಿಲ್ಲ. ತಿಳಿಯೂ ಮಟಾ ಕೇಳ್ತೀನಿ.”

ಮತ್ತೆ ಕೇಳಿದಳು, ಮತ್ತೆ ತಪ್ಪು. ಇನ್ನೊಂದು ಪ್ರಶ್ನೆ, ಅದೂ ತಪ್ಪು. ಇಡೀ ಅಂಗಳಕ್ಕೆ ಕೇಳುವಂತೆ ಅವಳು ತಪ್ಪಿದಳು. ಹಣೆಯ ಮೇಲೆ ಬೆವರು ಬಂತು, ಮುಖ ಕೆಂಪಾಯಿತು, ಆದರೂ ಎದ್ದು ಹೋಗಲಿಲ್ಲ. ಆರನೇ ಸಲವೋ ಏಳನೇ ಸಲವೋ ತಪ್ಪಿದಾಗ ಹೊಸ್ತಿಲ ಮೇಲೆ ನೆರಳು ಬಿತ್ತು.

“ಅವ್ವಾ, ಅದು ಹಂಗಲ್ಲ.” ಶಿಲ್ಪಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಮನ್ಯಾಗ ಒಂದೊಂದು ಬಲ್ಬಿಗೂ ಬ್ಯಾರೆ ಬ್ಯಾರೆ ದಾರಿ ಇರತೈತಿ. ಇದಕ್ಕ ಒಂದ ದಾರಿ. ಗಣೇಶನ ಮುಂದ ಹಾಕೂ ಹಳೀ ಸೀರಿಯಲ್ ಸೆಟ್ ನೋಡಿಯಲ್ಲ, ಒಂದು ಹೋದ್ರ ಸಾಲಿಗೆ ಸಾಲ ಆರತೈತಿ. ಮೊದಲನೇದ್ರ ಒಳಗ ಹಾದ ಕರೆಂಟ ಎರಡನೇದಕ್ಕ ಬರಬೇಕು. ಅಲ್ಲೇ ಹರಿದ ಮ್ಯಾಲ ಹೆಂಗ ಬರತೈತಿ?”

ಶುಭಾ ಮೊರ ಕೆಳಗಿಟ್ಟಳು. ಆ ಮಾತು ಅವಳಿಗೂ ಅರ್ಥವಾಗಿತ್ತು, ಅಷ್ಟು ತಿಳಿಯಾಗಿ ಹೇಳಿದ್ದಳು ಹುಡುಗಿ. ಶಿಲ್ಪಾ ನೆಲದ ಮೇಲೆ ಬೆರಳಲ್ಲಿ ಅದರ ಚಿತ್ರ ಬರೆಯಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

“ಇಷ್ಟೆಲ್ಲಾ ನನಗ ಬರತಿತ್ತವ್ವಾ” ಎಂದಳು. “ಯಾಕ ಬಿಡಿಸಿದಿ?”

ಮೂರು ತಿಂಗಳಿನಿಂದ ಹೂಂ ಎಂಬ ಒಂದೇ ಮಾತಾಡುತ್ತಿದ್ದ ಮಗಳು ಕೇಳಿದ ಮೊದಲ ಪ್ರಶ್ನೆ ಅದು. ಪಾರವ್ವ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, “ನಾ ತಪ್ಪು ಮಾಡೀನಿ ಮಗಳ, ನಂದು ತಪ್ಪು” ಎಂದಷ್ಟೇ ಅಂದಳು. ಈ ಸಲ ಅಂಗಳದಲ್ಲಿದ್ದವರು ಯಾರೂ ನಗಲಿಲ್ಲ.

ಮುಂದಿನ ಜೂನಿನಲ್ಲಿ ಶಿಲ್ಪಾ ಮತ್ತೆ ಸೇರಿದಳು. ಕೊಟ್ರಪ್ಪ ಇಯರ್‌ಫೋನ್ ತಂದುಕೊಟ್ಟ. ಸಂಜೆ ಏಳರಿಂದ ಎಂಟೂವರೆವರೆಗೆ ಫೋನು ಅವಳದು, ಆ ಹೊತ್ತಿನಲ್ಲಿ ಊರಿಂದ ಕರೆ ಬಂದರೂ ಪಾರವ್ವ ಆಮೇಲೆ ಮಾಡುತ್ತೇನೆ ಅನ್ನುತ್ತಾಳೆ. ರಾಗಿಣಿ ಮೇಡಂ ಈಗ ವರ್ಷದ ಮೊದಲ ವಾರವೇ ತಂದೆ ತಾಯಿಯರನ್ನು ಕರೆಸಿ ಪಾಠ ತೋರಿಸುತ್ತಾರೆ. ಎಲ್ಲ ಸರಿಹೋಯಿತು ಎಂದು ನಾನು ಹೇಳಬಹುದಿತ್ತು. ಆದರೆ ಸುಳ್ಳಾಗುತ್ತದೆ. ಶಿಲ್ಪಾಳ ಜೊತೆ ಸೇರಿದವರು ಈಗ ಅವಳಿಗಿಂತ ಒಂದು ವರ್ಷ ಮುಂದಿದ್ದಾರೆ. ಕಾರಿಡಾರಿನಲ್ಲಿ ಎದುರಾದರೆ ಅವಳು ಪಕ್ಕದ ಮೆಟ್ಟಿಲು ಹಿಡಿಯುತ್ತಾಳೆ. ಉತ್ತರ ಗೊತ್ತಿದ್ದರೂ ಕ್ಲಾಸಿನಲ್ಲಿ ಕೈ ಎತ್ತಲು ಇನ್ನೂ ಹಿಂಜರಿಯುತ್ತಾಳೆ. ಅದನ್ನು ನೆನೆದಾಗಲೆಲ್ಲ ಪಾರವ್ವ ಚೆಕಿಂಗ್ ಮೇಜಿನ ಮುಂದೆ ಒಂದು ಗಳಿಗೆ ಕೈ ಚೆಲ್ಲಿ ನಿಲ್ಲುತ್ತಾಳೆ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮಕ್ಕಳ ಕಾಲೇಜಿನಲ್ಲೂ ಈಗ ಇಂಥ ಪಾಠಗಳಿರಬಹುದು. ಇದೆಯಾ ಎಂದು ಹೋಗಿ ಕೇಳಿ. ಮಗು ಒಂದೇ ಪಾಠವನ್ನು ಹತ್ತು ಸಲ ಹಾಕಿದರೆ ದಡ್ಡತನ ಅಂದುಕೊಳ್ಳಬೇಡಿ, ಅದು ಕಲಿಯುತ್ತಿದೆ. ಫೋನಿನಲ್ಲಿ ಏನು ನೋಡುತ್ತಿದೆ ಎಂಬ ಅನುಮಾನ ಬಂದರೆ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ನೋಡಿ. ಕಾಲೇಜಿನ ಗ್ರೂಪು ಬಿಡಬೇಡಿ, ಮೇಷ್ಟ್ರ ನಂಬರನ್ನು ಹೆಸರು ಹಾಕಿ ಇಟ್ಟುಕೊಳ್ಳಿ. ಮೇಷ್ಟ್ರೇ, ಮೇಡಂಗಳೇ, ಪಾಠ ಮಾಡಿ ಕಳಿಸಿದರೆ ಸಾಲದು, ಮನೆಯವರಿಗೂ ಒಂದು ಮಾತು ತಿಳಿಸಿ. ಓದುವ ಮಕ್ಕಳೇ, ನಿಲ್ಲಿಸಿ ನೋಡಿ, ನಿಮ್ಮ ಮಾತಲ್ಲಿ ಬರೆಯಿರಿ, ತಿಳಿಯದ್ದನ್ನು ಚೀಟಿ ಮಾಡಿ ಕ್ಲಾಸಿಗೆ ಒಯ್ಯಿರಿ.

ಇಷ್ಟೆಲ್ಲ ನೆನಪಿರದಿದ್ದರೂ ಒಂದು ಮಾಡಿ. ಇವತ್ತು ಸಂಜೆ ನಿಮ್ಮ ಮಗಳೋ ಮಗನೋ ಪಾಠ ಹಚ್ಚಿಕೊಂಡು ಕೂತಾಗ ಟಿವಿ ಆರಿಸಿ, ಹತ್ತಿರ ಹೋಗಿ, “ನನಗೂ ಸ್ವಲ್ಪ ಹೇಳಿಕೊಡು” ಅನ್ನಿ.